ನಮ್ಮ ಮನೆಯ ಸಂಜೆಯ ಪ್ರಾರ್ಥನೆ

ಸಮ್ಮೇಳನದ ಸ್ಮರಣ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಸಂಘದ ಹಿರಿಯರು ಅಪ್ಪಣೆ ಮಾಡಿದಾಗ ನಮಗೆ ಮೊದಲು ನೆನಪಾದದ್ದು ಮಂಜೇಶ್ವರ ಸೀಮೆಯ ನಮ್ಮ ಹಳೆಯ ಮನೆಯ ಸಂಜೆಯ ಪ್ರಾರ್ಥನೆ. ಅದಕ್ಕೂ ಸಾಹಿತ್ಯಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ, ಮುಂದೆ ಹೇಳುತ್ತೇವೆ.

ನಮ್ಮ ಮನೆಮಾತು ತುಳು. ಶಾಲೆಯಲ್ಲಿ ಕಲಿತ ಮಾತು, ದೇವರೊಡನೆ ಆಡುವ ಮಾತು ಕನ್ನಡ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಗೆ ಸೇರಿದ ಕುಟುಂಬ ನಮ್ಮದು. ತುಳುವಿನಲ್ಲಿ ಹೊಸ ಒಡಂಬಡಿಕೆ ಆ ಶತಮಾನದಲ್ಲಿಯೇ ಅಚ್ಚಾಗಿದ್ದರೂ ನಮ್ಮ ಅಜ್ಜಿಯ ಕೈಯಲ್ಲಿದ್ದುದು ಕನ್ನಡದ ಸತ್ಯವೇದ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಪುಸ್ತಕ ಮಾತ್ರ ಇದ್ದ ಕಪಾಟಿನಲ್ಲಿಯೇ ಇತ್ತು.

1974ರ ಮಳೆಗಾಲದಲ್ಲಿ, ಕೊಳೆರೋಗ ತಡೆಯಲು ಅಡಿಕೆಗೆ ಮದ್ದು ಬಿಡುತ್ತಿದ್ದ ನಮ್ಮ ತಂದೆಯವರು ಮರದಿಂದ ಬಿದ್ದರು. ಮೈಲುತುತ್ತು, ಸುಣ್ಣ ಬೆರೆಸಿದ ಆ ಮದ್ದನ್ನು ಮಳೆ ಬಿಡುವು ಕೊಟ್ಟ ಹೊತ್ತು ನೋಡಿ ಗೊನೆಗೆ ತಾಗುವಂತೆ ಹೊಡೆಯಬೇಕು. ಒದ್ದೆ ಮರ, ಕಾಲಿನ ತಳೆ ಜಾರಿತು. ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ತೋಟ ನಮ್ಮದಲ್ಲ, ಅವರದು ದಿನಗೂಲಿಯ ಕೆಲಸ. ಮಕ್ಕಳಾದ ನಾವು ಮೂವರು. ಹಿರಿಯನಿಗೆ 11, ಕಿರಿಯವಳಿಗೆ 4. ಅಮ್ಮ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟಲು ಕುಳಿತರು. ಸಾವಿರದ ಲೆಕ್ಕದಲ್ಲಿ ಕೂಲಿ; ಸರಿಯಿಲ್ಲವೆಂದು ಬ್ರಾಂಚಿನಲ್ಲಿ ಆರಿಸಿ ತೆಗೆದದ್ದು ಅಮ್ಮನ ನಷ್ಟ.

ನೋಡಲು ಬಂದವರು ಬಹಳ ಮಂದಿ. ದೇವರು ಪರೀಕ್ಷಿಸುತ್ತಿದ್ದಾನೆ ಎಂದರು ಕೆಲವರು. ವಿಶ್ವಾಸ ಗಟ್ಟಿಯಿದ್ದರೆ ಎದ್ದು ನಡೆಯುವಿರಿ ಎಂದು ಒಬ್ಬರು ಮಂಚದ ಬಳಿ ನಿಂತೇ ಹೇಳಿಬಿಟ್ಟರು. ಅವರು ಹೋದ ಮೇಲೆ ತಂದೆಯವರು ಅಮ್ಮನನ್ನು ಕರೆದು, "ಇನ್ನು ಆ ಪುಸ್ತಕವನ್ನು ಈ ಕೋಣೆಯಲ್ಲಿ ಓದಬೇಡ" ಎಂದರು. ಅಮ್ಮ ವಾದಿಸಲಿಲ್ಲ. ಪ್ರಾರ್ಥನೆಯನ್ನು ಜಗಲಿಗೆ ಸಾಗಿಸಿದರು. ಕೈ ಬೀಡಿ ಸುತ್ತುತ್ತಿತ್ತು. ಓದುವ ಕೆಲಸ ನಮ್ಮದು, ದಿನಕ್ಕೊಂದು ಕೀರ್ತನೆ, ಮೊದಲನೆಯದರಿಂದ ಕ್ರಮವಾಗಿ.

ಹೀಗೆ ಮೂರು ತಿಂಗಳು ಕಳೆಯುವಷ್ಟರಲ್ಲಿ 88ನೆಯ ಕೀರ್ತನೆ ಬಂತು. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗೋಳಿನವೇ; ಆದರೆ ಅವುಗಳಲ್ಲಿ ಹೆಚ್ಚಿನವು ಕೊನೆಗೊಮ್ಮೆ ಭರವಸೆಯತ್ತ ತಿರುಗುತ್ತವೆ. ಇದು ತಿರುಗುವುದಿಲ್ಲ. ದೇವರನ್ನೇ ದೂರುತ್ತ ಹೋಗಿ ಕತ್ತಲೆಯಲ್ಲಿ ನಿಂತುಬಿಡುತ್ತದೆ. ಓದುತ್ತಿದ್ದ ಹಿರಿಯನು ಹಾಳೆ ಹರಿದುಹೋಗಿರಬೇಕೆಂದು ಪುಟ ತಿರುವಿದ. ಅಲ್ಲಿ 89ನೆಯದು ಆರಂಭವಾಗಿತ್ತು. ಆಗ ಒಳಗಿನಿಂದ ತಂದೆಯವರ ಧ್ವನಿ ಕೇಳಿಸಿತು: "ಅದನ್ನೇ ಇನ್ನೊಮ್ಮೆ ಓದು."

ಮಾರನೆಯ ದಿನ ಪ್ರಾರ್ಥನೆ ಮತ್ತೆ ಕೋಣೆಗೆ ಬಂತು. ತಂದೆಯವರೇ ಯೋಬನ ಗ್ರಂಥವನ್ನು ಓದಿಸಿದರು. ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನ ಬಳಿ ಮಾತಿಲ್ಲದೆ ಕುಳಿತಿದ್ದರು. ಬಾಯಿ ತೆರೆದ ಮೇಲೆಯೇ ಕೆಟ್ಟದ್ದು. ಕೊನೆಗೆ ದೇವರು ಗದರಿಸುವುದೂ ಅವರನ್ನೇ, ದೂರಿದ ಯೋಬನನ್ನು ಸರಿಯೆನ್ನುತ್ತಾನೆ. ಇದನ್ನು ಕೇಳಿ ತಂದೆಯವರು ಎಷ್ಟೋ ತಿಂಗಳ ಮೇಲೆ ನಕ್ಕರು. ನೆರೆಮನೆಯ ಬ್ಯಾರಿಗಳು ದಿನವೂ ಸಂಜೆ ಬಂದು ಮಂಚದ ಅಂಚಿನಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ಹೋಗುತ್ತಿದ್ದರು. "ಇವರು ಮೊದಲ ಏಳು ದಿನದ ಸ್ನೇಹಿತರು" ಎಂದು ತಂದೆಯವರು ಅವರ ಎದುರಿಗೇ ಹೇಳುತ್ತಿದ್ದರು. ಬ್ಯಾರಿಗಳಿಗೆ ಅರ್ಥವಾಗದಿದ್ದರೂ ತಲೆಯಾಡಿಸುತ್ತಿದ್ದರು.

ಇನ್ನು ಸಾಹಿತ್ಯದ ಮಾತು. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ನಮ್ಮ ಕನ್ನಡ ಮಾಸ್ತರರು ಗೋವಿಂದ ಪೈಗಳ 'ಗೊಲ್ಗೊಥಾ' ಕಾವ್ಯವನ್ನು ತಂದುಕೊಟ್ಟರು. ಪೈಗಳು ತೀರಿಕೊಂಡು ಆಗ 11 ವರ್ಷ. ಮಂಜೇಶ್ವರದ ಅವರ ಮನೆಯನ್ನು ತಂದೆಯವರು ದಾರಿಯಿಂದ ನೋಡಿದ್ದರು. ಅವರು ಯೇಸುವಿನ ಕೊನೆಯ ದಿನದ ಮೇಲೆ ಕಾವ್ಯ ಬರೆದಿದ್ದಾರೆಂದು ತಿಳಿದಿರಲಿಲ್ಲ. ಆ ಭಾಷೆ ಸುಲಭದ್ದಲ್ಲ. ಮಾಸ್ತರರು ವಾರಕ್ಕೊಮ್ಮೆ ಬಂದು ಬಿಡಿಸಿ ಹೇಳುತ್ತಿದ್ದರು. ಹಿಂದೂ ಮಾಸ್ತರರು ಶಿಲುಬೆಯ ಕಥೆಯನ್ನು ವಿವರಿಸುವುದು, ಕ್ರೈಸ್ತ ರೋಗಿ ಅವರಿಗೆ ಸತ್ಯವೇದದ ಸಂದರ್ಭ ಹೇಳುವುದು, ಹೀಗೆ ನಡೆಯಿತು. ಶಿಲುಬೆಯ ಮೇಲೆ ಯೇಸು ದೇವರನ್ನು ಕೂಗಿ ಕೇಳಿದ ಮಾತು 22ನೆಯ ಕೀರ್ತನೆಯ ಮೊದಲ ಮಾತೆಂದು ತಂದೆಯವರು ಹೇಳಿದಾಗ ಮಾಸ್ತರರು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದರು. "ಅವನೂ ದೂರಿದ್ದಾನೆ ಮಾಸ್ತರೇ. ಹಾಗಾದರೆ ನಾನು ಹೊರಗಿನವನಲ್ಲ" ಎಂದರು ತಂದೆಯವರು.

ಪವಾಡ ನಡೆಯಲಿಲ್ಲ. ತಂದೆಯವರು ಎದ್ದು ನಡೆಯಲೇ ಇಲ್ಲ. ಬೀಡಿಯ ಎಲೆ ಕತ್ತರಿಸುವ ಕೆಲಸವನ್ನು ದಿಂಬಿಗೊರಗಿಕೊಂಡು ತಾವೇ ವಹಿಸಿಕೊಂಡರು. 1993ರಲ್ಲಿ ತೀರಿಕೊಳ್ಳುವ ವರೆಗೆ ಆ ಕತ್ತರಿ ಅವರ ತಲೆದಿಂಬಿನ ಬಳಿ ಇತ್ತು. ಆ ದುಡ್ಡಿನಲ್ಲಿ ನಾವು ಮೂವರೂ ಓದಿದೆವು. ನಂಬಿಕೆ ನಮಗೆ ಏನು ಕೊಟ್ಟಿತೆಂದು ಕೇಳುವವರಿಗೆ ನಾವು ಈ ಕತ್ತರಿಯನ್ನೇ ತೋರಿಸುತ್ತೇವೆ. ಬೇರೆ ಸಾಕ್ಷಿ ನಮ್ಮಲ್ಲಿಲ್ಲ.

ಅಮ್ಮನಿಗೆ ಈಗ ಕಣ್ಣು ಕಾಣದು. ಮೊಮ್ಮಗಳು ಓದಿದ್ದು ಮಲಯಾಳ ಶಾಲೆಯಲ್ಲಿ; ಕನ್ನಡ ಅಕ್ಷರ ಬಾರದು. ಅವಳಿಗಾಗಿ ನಾವು ಕೀರ್ತನೆಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಡುತ್ತಿದ್ದೇವೆ. ಅವಳು ಸಂಜೆ ಓದುತ್ತಾಳೆ. ಉಚ್ಚಾರ ತಪ್ಪಿದಲ್ಲಿ ಅಮ್ಮ ತಡೆದು ತಿದ್ದುತ್ತಾರೆ. ಇದುವರೆಗೆ 61 ಆಗಿದೆ.