ಆರಿಸಿದ ಮೇಲೂ ಉಳಿದ ಬೆಳಕು

ಸಿಂಧನೂರಿನ ನಮ್ಮ ಮನೆಯ ಪಡಸಾಲೆಯ ಟ್ಯೂಬ್‌ಲೈಟು ಹೊತ್ತಿಕೊಳ್ಳುವ ಮೊದಲು ಏಳೆಂಟು ಸಲ ಕಣ್ಣು ಮಿಟುಕಿಸುತ್ತಿತ್ತು. ಎರಡೂ ತುದಿ ಕಪ್ಪಾಗಿದ್ದವು. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳು ಊರನ್ನು ಸುತ್ತಿಕೊಂಡಿವೆ. ಭತ್ತ ತೆನೆ ಬಿಡುವ ಕಾಲಕ್ಕೆ ದೀಪಕ್ಕೆ ಮುತ್ತುವ ಹುಳಗಳು ಆ ಪಟ್ಟಿಯೊಳಗೇ ಸತ್ತು ಬಿದ್ದಿರುತ್ತಿದ್ದವು. ಅದರ ಕೆಳಗೆ ಕೂತು ಅವ್ವ ಅಕ್ಕಿ ಹಸನು ಮಾಡುತ್ತಾಳೆ. ಈಚೆಗೆ ಹರಳು ಕಾಣಿಸುತ್ತಿಲ್ಲ ಎನ್ನುತ್ತಿದ್ದಳು. ಉಣ್ಣುವಾಗ ನಮಗೂ ಅದು ಗೊತ್ತಾಗುತ್ತಿತ್ತು.

ದೀಪಾವಳಿಗೆ ಊರಿಗೆ ಬಂದಾಗ 20 ವ್ಯಾಟಿನ ಎಲ್‌ಇಡಿ ಪಟ್ಟಿಯೊಂದನ್ನು ತಂದೆ. ಅಪ್ಪನಿಗೆ ಸೇರಲಿಲ್ಲ. "ಚೋಕ್ ಬದಲಿ ಮಾಡಿದ್ರ ಇನ್ನೂ ಹತ್ತು ವರ್ಷ ಬರ್ತೈತಿ" ಎಂದ. ಹಳೆಯದು 40 ವ್ಯಾಟು, ಚೋಕು ತಿನ್ನುವುದು ಬೇರೆ ಎಂದು ನಾನು ಲೆಕ್ಕ ಹೇಳಿದೆ. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ನಮ್ಮ ಬಿಲ್ಲು ಸೊನ್ನೆ. "ಯಾರಿಗೆ ಉಳಸ್ತಿ?" ಎಂದು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಪ್ಪನ ಬೇಸರ ಬೇರೆಯೇ ಇತ್ತು. ಆ ದೀಪ ಹಾಕಿದವನು ಅವನೇ. ಭಾಗ್ಯಜ್ಯೋತಿಯಲ್ಲಿ ಬಡವರ ಮನೆಗೆ ಒಂದೊಂದೇ ಬಲ್ಬು ಬಂದಿತ್ತಲ್ಲ, ಆ ಮನೆಗಳು ಮುಂದೆ ಫ್ಯಾನು, ಟಿವಿ ತಂದಾಗ ವೈರಿಂಗಿಗೆ ಕರೆಯುತ್ತಿದ್ದದ್ದು ಅವನನ್ನು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಒಂದೇ ರಸ್ತೆಯ ಮೂರು ಊರು. ರಜೆಯಲ್ಲಿ ಅಣ್ಣನನ್ನು ಜೊತೆಗೆ ಒಯ್ಯುತ್ತಿದ್ದ. ನಾನು ಹೊರಟರೆ "ಹೆಣ್ಣುಹುಡುಗಿಗ್ಯಾಕ ಕರೆಂಟಿನ ಕೆಲಸ" ಎನ್ನುತ್ತಿದ್ದ. ಈಗ ಅಣ್ಣ ಬೆಂಗಳೂರಿನಲ್ಲಿ ಲೆಕ್ಕಪತ್ರ ಬರೆಯುತ್ತಾನೆ, ಅಪ್ಪನ ಕೈ ನಡುಗುತ್ತದೆ. ಹಾಸ್ಟೆಲ್ಲಿನಲ್ಲಿ ಹೀಟರು, ಫ್ಯಾನು ರಿಪೇರಿ ಮಾಡಿ ಕಲಿತ ನಾನೇ ಸ್ಟೂಲು ಹತ್ತಿದೆ. ಮೇನ್ ಆಫ್ ಮಾಡಿದ್ದೆವು. ಅಪ್ಪ ಕೆಳಗೆ ನಿಂತು ಮೊಬೈಲಿನ ಬೆಳಕು ಹಿಡಿದ. ಅರ್ಧ ಗಂಟೆಯ ಕೆಲಸ. ಅವ್ವ ಮೊದಲು ನೋಡಿದ್ದು ಗೋಡೆಯ ಮೇಲಿನ ಜೇಡರಬಲೆ.

ರಾತ್ರಿ ಸ್ವಿಚ್ಚು ಆರಿಸಿ ಮಲಗಿದೆವು. ಕತ್ತಲಿಗೆ ಕಣ್ಣು ಹೊಂದಿಕೊಂಡಮೇಲೆ ನೋಡಿದರೆ ಹೊಸ ಪಟ್ಟಿ ಪೂರ್ತಿ ಆರಿಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಮಂಕಾಗಿ ಉರಿಯುತ್ತಿದೆ. ಪಕ್ಕದ ಚಾಪೆಯ ಮೇಲೆ ಅಪ್ಪನೂ ಎಚ್ಚರವಿದ್ದ. ಇಬ್ಬರಿಗೂ ಅದರ ಅರ್ಥ ಗೊತ್ತಿತ್ತು. ಇಬ್ಬರೂ ಮಾತಾಡಲಿಲ್ಲ.

ಸ್ವಿಚ್ಚು ಕಡಿಯಬೇಕಾದದ್ದು ಫೇಸನ್ನು. ಅದನ್ನು ನ್ಯೂಟ್ರಲ್ಲಿಗೆ ಹಾಕಿದ್ದರೂ ದೀಪ ಹತ್ತುತ್ತದೆ, ಆರುತ್ತದೆ, ತಪ್ಪು ಕಾಣುವುದಿಲ್ಲ. ಆದರೆ ಆರಿಸಿದ ಮೇಲೂ ದೀಪದವರೆಗೆ ಕರೆಂಟು ನಿಂತೇ ಇರುತ್ತದೆ. ಸ್ವಿಚ್ಚು ಆಫ್ ಇದೆಯೆಂದು ನಂಬಿ ಮುಟ್ಟಿದವರಿಗೆ ಹೊಡೆಯುತ್ತದೆ. ಹಳೆಯ ಟ್ಯೂಬು ಅಷ್ಟು ಸಣ್ಣ ಸೋರಿಕೆಗೆ ಬೆಳಗುವಂಥದ್ದಲ್ಲ. ಎಲ್‌ಇಡಿಗೆ ಅಷ್ಟೇ ಸಾಕು. ಅದೇ ಸ್ಟೂಲಿನ ಮೇಲೆ ಹತ್ತಿ ಅವ್ವ ವರ್ಷವರ್ಷವೂ ಯುಗಾದಿಗೆ ಒದ್ದೆ ಬಟ್ಟೆಯಿಂದ ಆ ಪಟ್ಟಿ ಒರೆಸುತ್ತಿದ್ದಳು.

ಬೆಳಿಗ್ಗೆ ಅಪ್ಪನೇ ಟೆಸ್ಟರು ತಂದ. ಅಡುಗೆಮನೆ, ಒಳಕೋಣೆ ಸರಿಯಿದ್ದವು. ಪಡಸಾಲೆಯದು ಮಾತ್ರ ಅದಲುಬದಲು. ಬೋರ್ಡು ಬಿಚ್ಚಿದರೆ ಎರಡೂ ವೈರು ಕಪ್ಪು.

"ಕೆಂಪು ವೈರ್ ಸಾಲಲಿಲ್ಲ. ಮರುದಿನ ಗೃಹಪ್ರವೇಶ. ಮಸ್ಕಿ ಕೆಲಸದಾಗ ಉಳಿದಿದ್ದ ಕರೀದು ಎಳದೆ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲೂ ಕರೀದ ಹಾಕೀನಿ" ಎಂದ.

ನಾನು ಶಾಸನ ಓದುವವಳು. ಕೆತ್ತುವವನು ಬಿಟ್ಟ ಅಕ್ಷರವನ್ನು ಸಾಲಿನ ಕೆಳಗೆ ಸೇರಿಸಿದ್ದು ಕಂಡರೆ ನಮಗೆ ಖುಷಿ, ಅಡಿಟಿಪ್ಪಣಿಗೆ ವಸ್ತು. ಅವನಿಗೆ ಹೇಗನಿಸಿತ್ತೋ ಎಂದು ಯೋಚಿಸಿದ್ದಿಲ್ಲ.

ಎರಡು ವೈರು ಬದಲಿಸಲು ಹತ್ತು ನಿಮಿಷ ಸಾಕಾಯಿತು. ಅಪ್ಪ ಅಂಗಿ ತೊಟ್ಟು, ಟೆಸ್ಟರು ಜೇಬಿಗಿಟ್ಟು, "ನೀನೂ ನಡಿ" ಎಂದ. ಹಾಗೆ ಕರೆದದ್ದು ಅದೇ ಮೊದಲು.

ಮಸ್ಕಿಯಲ್ಲಿ ಅವನು ಕರಿ ವೈರು ಎಳೆದದ್ದು ಮೂರು ಮನೆಗೆ. ಅಶೋಕನ ಹೆಸರೇ ಇರುವ ಬಂಡೆಯ ಊರದು; 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಕಂಡ. ಎಂ.ಎ. ಓದುವಾಗ ಅದನ್ನು ನೋಡಲು ನಾಲ್ಕು ಸಲ ಬಂದಿದ್ದೆ, ಅಪ್ಪ ಕೆಲಸ ಮಾಡಿದ ಓಣಿಗೆ ಒಮ್ಮೆಯೂ ಹೋಗಿರಲಿಲ್ಲ. ಒಂದು ಮನೆ ಕೆಡವಿ ಆರ್‌ಸಿಸಿ ಎದ್ದಿತ್ತು. ಉಳಿದೆರಡರಲ್ಲಿ ಸ್ವಿಚ್ಚು ಆರಿಸಿ ಟೆಸ್ಟರು ಇಟ್ಟೆ, ಹತ್ತಲಿಲ್ಲ. ಅಪ್ಪ ಅಲ್ಲೇ ಹೋಟೆಲ್ಲಿನಲ್ಲಿ ಎರಡು ಪ್ಲೇಟು ಮಂಡಾಳ ಒಗ್ಗರಣೆ, ಮಿರ್ಚಿ ಹೇಳಿದ. ನನ್ನ ಮಿರ್ಚಿಯನ್ನೂ ತಿಂದ.

ಲಿಂಗಸುಗೂರಿನ ಮನೆ ಬಸ್‌ಸ್ಟ್ಯಾಂಡಿನ ಹಿಂದೆ. ಬಾಗಿಲು ತೆರೆದ ಮುದುಕಿಗೆ ಅಪ್ಪನ ಗುರುತು ಹತ್ತಲಿಲ್ಲ. ಹೇಳಿದ ಮೇಲೆ, "ಏನೂ ಕೆಟ್ಟಿಲ್ಲಪ್ಪ, ನಿನ್ನ ಲೈಟು ಇವತ್ತಿಗೂ ಹತ್ತತೈತಿ" ಎಂದಳು. ಸ್ವಿಚ್ಚು ಆರಿಸಿದೆ. ಸ್ಟೂಲಿನ ಮೇಲೆ ನಿಂತು ಟೆಸ್ಟರು ತಾಗಿಸಿದೆ. ಹತ್ತಿತು.

ಕೆಳಗೆ ನೋಡಿದೆ. ಅಪ್ಪ ಏನೂ ಕೇಳದೆ ಮೇನ್ ಸ್ವಿಚ್ಚಿನ ಕಡೆ ನಡೆದ.

ಕೆಲಸ ಮುಗಿದು ಚಹಾ ಕುಡಿದೆವು. ಮುದುಕಿ ಸೆರಗಿನ ಗಂಟು ಬಿಚ್ಚುತ್ತ, "ಕೂಲಿ ಎಷ್ಟಪ್ಪ?" ಎಂದಳು.

"ಆವಾಗ ಕೊಟ್ಟೀಯಲ್ಲವ್ವ" ಎಂದು ಅಪ್ಪ ಚಪ್ಪಲಿ ಮೆಟ್ಟಿದ.