ಸೊನ್ನೆಲೂ ಎರಡು ಥರ ಇದೆ

ಭಾಗ 1/6

ಮಕ್ಕಳಾಗದ ಹೆಂಗಸಿಗೆ ಕನ್ನಡದಲ್ಲಿ ಒಂದು ಪದ ಇದೆ. ಬಂಜೆ. ಚಿಕ್ಕ ಮಕ್ಕಳಿಗೂ ಗೊತ್ತಿರೋ ಪದ. ಬೀದಿ ಜಗಳದಲ್ಲಿ, ನಾಮಕರಣದ ಮನೇಲಿ, ಬಸ್ ಸ್ಟ್ಯಾಂಡಲ್ಲಿ, ಎಲ್ಲಾ ಕಡೆ ಕೇಳ್ಸುತ್ತೆ.

ಮಕ್ಕಳಾಗದ ಗಂಡಸಿಗೆ ಏನಂತಾರೆ?

ಒಂದ್ನಿಮಿಷ ಯೋಚ್ನೆ ಮಾಡಿ. ನಮ್ಮ ಕೋಡಿಹಳ್ಳಿಲಿ ನಾನು ಕೇಳಿರೋ ಮಟ್ಟಿಗೆ ಅಂಥ ಪದ ಇಲ್ಲ. ‘ಗಂಡಸಲ್ಲ’ ಅನ್ನೋ ಬೈಗುಳ ಇದೆ. ಆದ್ರೆ ಅದು ಬೇರೆ ವಿಷ್ಯ. ಹಾಸಿಗೆಲಿ ಆಗೋ ತೊಂದರೆ ಬೇರೆ, ವೀರ್ಯದಲ್ಲಿ ವೀರ್ಯಾಣು ಇಲ್ಲದೇ ಇರೋದು ಬೇರೆ. ಎರಡನೇದು ಇರೋ ಗಂಡಸು ನೋಡೋಕೆ ಎಲ್ಲರ ಥರಾನೇ ಇರ್ತಾನೆ. ಮೀಸೆ, ದನಿ, ಆಸೆ, ಕೆಲಸ ಮಾಡೋ ಶಕ್ತಿ ಯಾವುದರಲ್ಲೂ ಕಮ್ಮಿ ಇಲ್ಲದೇ ಇರಬಹುದು. ವೀರ್ಯನೂ ಮಾಮೂಲಿ ಥರಾನೇ ಕಾಣುತ್ತೆ. ಯಾಕಂದ್ರೆ ಅದರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಬೇರೆ ಗ್ರಂಥಿಗಳಿಂದ ಬರೋ ದ್ರವ. ವೀರ್ಯಾಣು ಇದೆಯೋ ಇಲ್ವೋ ಅಂತ ಮೈಕ್ರೋಸ್ಕೋಪ್ ಮಾತ್ರ ಹೇಳೋಕಾಗೋದು.

ಈ ಆರು ಪೋಸ್ಟು ನಮ್ಮಣ್ಣ, ಅತ್ತಿಗೆ ಬಗ್ಗೆ. ಇಬ್ರೂ ಓದಿ ‘ಹಾಕು’ ಅಂದ್ಮೇಲೇ ಹಾಕ್ತಿದೀನಿ. ಹೆಸರಿಲ್ಲ, ಮುಖದ ಫೋಟೋ ಇಲ್ಲ. ಫೋಟೋಲಿರೋದು ಸಂಗಮದ ರಸ್ತೆ, ನಮ್ಮ ಹಿಪ್ಪುನೇರಳೆ ತೋಟ, ಅಷ್ಟೇ. ನಾನು ಡಾಕ್ಟರ್ ಅಲ್ಲ, ಬಿಕಾಂ ಹುಡುಗ. ಡಾಕ್ಟ್ರು ನಮಗೆ ಹೇಳಿದ್ದು, ಆಮೇಲೆ ನಾನು ಓದಿ ತಿಳ್ಕೊಂಡಿದ್ದು ಇಲ್ಲಿದೆ.

ಭಾಗ 2/6

ಅಣ್ಣನ ಮದುವೆ ಆಗಿ ಆರು ವರ್ಷ. ಮೊದಲನೇ ವರ್ಷ ಯಾರೂ ಏನೂ ಕೇಳ್ಲಿಲ್ಲ. ಎರಡನೇ ವರ್ಷ ಅವ್ವ ಅತ್ತಿಗೇನ ಕಬ್ಬಾಳಮ್ಮನ ಹತ್ರ ಕರ್ಕೊಂಡ್ ಹೋಗಿ ಹರಕೆ ಹೊರಿಸಿದ್ಲು. ಆಮೇಲೆ ಸೋಮವಾರದ ಉಪವಾಸ. ಆಮೇಲೆ ಕನಕಪುರದಲ್ಲಿ ಸ್ಕ್ಯಾನಿಂಗು, ತಿಂಗಳು ತಿಂಗಳು ಮಾತ್ರೆ. ಆಮೇಲೆ ಬೆಂಗಳೂರಲ್ಲಿ ಟ್ಯೂಬ್ ಟೆಸ್ಟು. ಗರ್ಭಕೋಶದೊಳಗೆ ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೀತಾರಂತೆ, ಅವತ್ತು ಅತ್ತಿಗೆ ವಾಪಸ್ ಬರೋವಾಗ ಬಸ್ಸಲ್ಲಿ ಮಾತೇ ಆಡ್ಲಿಲ್ಲ. ಕೊನೆಗೆ ಅರಿವಳಿಕೆ ಕೊಟ್ಟು ಹೊಟ್ಟೆಗೆ ತೂತು ಮಾಡಿ ಲ್ಯಾಪ್ರೋಸ್ಕೋಪಿ. ಎಲ್ಲದ್ರಲ್ಲೂ ‘ನಾರ್ಮಲ್’. ಫೈಲು ಇಷ್ಟು ದಪ್ಪ ಆಯ್ತು. ಐದು ವರ್ಷದ ಆ ಫೈಲಲ್ಲಿ ಅಣ್ಣನ ಹೆಸರಿನ ಒಂದು ಹಾಳೆ ಇರ್ಲಿಲ್ಲ.

ನಮಗೆ ಕಾಸ್ಟ್ ಅಕೌಂಟಿಂಗ್ ಇದೆ. ಅದೇ ಕಣ್ಣಲ್ಲಿ ನೋಡಿದ್ರೆ ಕಮ್ಮಿ ಖರ್ಚಿಂದು, ನೋವಿಲ್ಲದ್ದು ಮೊದಲು ಮಾಡ್ಬೇಕು ತಾನೆ? ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ಅರಿವಳಿಕೆ ಇಲ್ಲ. 2ರಿಂದ 7 ದಿನ ಅಂತರ ಇಟ್ಟು, ಲ್ಯಾಬಲ್ಲಿ ಒಂದು ಡಬ್ಬಿಗೆ ಸ್ಯಾಂಪಲ್ ಕೊಡ್ಬೇಕು, ಮುಗೀತು. ನಾವು ಕೊಟ್ಟ ದುಡ್ಡು ಒಂದು ಮೂಟೆ ಪಶು ಆಹಾರದ ರೇಟಿಗಿಂತ ಕಮ್ಮಿ. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣ ಒಂಟಿಯಾಗೋ ಜೊತೆಗೋ ಸೇರಿರುತ್ತೆ. ಆದ್ರೂ ನಮ್ಮಲ್ಲಿ ಈ ಟೆಸ್ಟು ಕಟ್ಟಕಡೇಗೆ.

ಹಸುಗೆ ನಾವು ಹಿಂಗೆ ಮಾಡಲ್ಲ. ಹಸು ಬೆದೆಗೆ ಬಂದ್ರೆ ನೈಟ್ರೋಜನ್ ಕ್ಯಾನ್ ಹಿಡ್ಕೊಂಡು ಬರ್ತಾರಲ್ಲ, ಆ ಕಡ್ಡಿಯೊಳಗಿನ ವೀರ್ಯ ಪರೀಕ್ಷೆ ಆಗಿಯೇ ಬಂದಿರೋದು. ಹೆಸರಘಟ್ಟದಲ್ಲಿ ಕೆಎಂಎಫ್‌ನವರ ನಂದಿನಿ ಸ್ಪರ್ಮ್ ಸ್ಟೇಷನ್ನೇ ಇದೆ. ಅಂಥ ಕಡೆ ಹೋರಿ ವೀರ್ಯನ ಮೈಕ್ರೋಸ್ಕೋಪಲ್ಲಿ ನೋಡಿ, ಪಾಸಾದ್ರೆ ಮಾತ್ರ ಮೈನಸ್ 196 ಡಿಗ್ರಿಲಿ ಇಡ್ತಾರೆ. ಹೋರಿಗೆ ಅದ್ರಿಂದ ಯಾವ ಅವಮಾನನೂ ಆಗಿಲ್ಲ.

ಇನ್ನೊಂದು ಹೇಳ್ಬೇಕು. ನಮ್ಮ ಕಡೆ ಊರೂರಲ್ಲೂ ಕುರುಕ್ಷೇತ್ರ ನಾಟಕ ಆಡ್ತಾರೆ. ಪಾಂಡುಗೆ ಮಕ್ಕಳಾಗೋ ಹಂಗಿರ್ಲಿಲ್ಲ, ಐದು ಜನ ಹೆಂಗೆ ಹುಟ್ಟಿದ್ರು ಅಂತ ಮುಂದಿನ ಸಾಲಲ್ಲಿ ಕೂತಿರೋ ಅಜ್ಜಿಗೂ ಗೊತ್ತು. ಕುಂತೀನ ಯಾರೂ ಬಂಜೆ ಅನ್ನಲ್ಲ. ಅಷ್ಟು ಹಳೇ ಕತೆಲಿ ಗಂಡಂದು ಗಂಡಂದೇ ಅಂತ ನೇರವಾಗಿ ಹೇಳಿದ್ದಾರೆ. ನಮ್ಮನೇಲಿ ಹೇಳೋಕೆ ಐದು ವರ್ಷ ಬೇಕಾಯ್ತು.

ಭಾಗ 3/6

ಲ್ಯಾಪ್ರೋಸ್ಕೋಪಿ ಆದ್ಮೇಲೆ ಹೊಸ ಡಾಕ್ಟ್ರು ಫೈಲ್ ತಿರುವಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ. ‘ಯಜಮಾನ್ರ ರಿಪೋರ್ಟ್ ಎಲ್ಲಿ?’

ರಿಪೋರ್ಟ್ ಬಂದ ದಿನ ಅಣ್ಣ ನನ್ನ ಕರೆದ. ‘ಲೋ, ನಾಳೆ ಬೆಂಗ್ಳೂರ್ಗೆ ಬತ್ತೀಯೇನ್ಲಾ? ಎಲ್ಲಾ ಇಂಗ್ಲಿಷಲ್ಲಿ ಬರ್ದವ್ರೆ.’ ಓದೋಕೆ ಅಷ್ಟೇನೂ ಇರ್ಲಿಲ್ಲ. ಕೌಂಟ್ ಅನ್ನೋ ಜಾಗದಲ್ಲಿ ‘ನಿಲ್’.

ಇದಕ್ಕೆ ಅಜೂಸ್ಪರ್ಮಿಯಾ ಅಂತಾರೆ. ನೂರು ಗಂಡಸರಲ್ಲಿ ಸುಮಾರು ಒಬ್ಬರಿಗೆ, ಮಕ್ಕಳಾಗದ ಗಂಡಸರನ್ನ ಮಾತ್ರ ತಗೊಂಡ್ರೆ ನೂರಕ್ಕೆ 10ರಿಂದ 15 ಜನಕ್ಕೆ ಇರುತ್ತೆ. ಒಂದೇ ಟೆಸ್ಟ್ ನಂಬಲ್ಲ. ಇನ್ನೊಂದ್ಸಲ ಸ್ಯಾಂಪಲ್ ತಗೊಂಡು, ಮಷೀನಲ್ಲಿ ಗಿರ್ರನೆ ತಿರುಗಿಸಿ, ತಳದಲ್ಲಿ ಕೂತಿದ್ದನ್ನ ಮತ್ತೆ ಹುಡುಕ್ತಾರೆ. ಎರಡನೇ ಸಲನೂ ಸೊನ್ನೆ.

ಆದ್ರೆ ಸೊನ್ನೆಲಿ ಎರಡು ಥರ ಇದೆ.

ಒಂದು, ಒಳಗೆ ತಯಾರಾಗ್ತಿದೆ, ಹೊರಗೆ ಬರೋ ದಾರಿ ಕಟ್ಟಿದೆ. ಹಳೇ ಸೋಂಕು, ಸಂತಾನಹರಣ ಆಪರೇಷನ್, ಕೆಲವರಿಗೆ ಹುಟ್ಟುತ್ತಲೇ ಆ ನಾಳ ಇಲ್ಲದೇ ಇರೋದು, ಇವೆಲ್ಲ ಕಾರಣ. ಗೋಡೌನಲ್ಲಿ ಮಾಲಿದೆ, ರೋಡ್ ಬಂದ್ ಅಂದ್ಕೊಳ್ಳಿ.

ಎರಡು, ತಯಾರಿಕೆಯೇ ಆಗ್ತಿಲ್ಲ, ಅಥವಾ ತೀರಾ ಕಮ್ಮಿ.

ಯಾವುದು ಅಂತ ತಿಳ್ಕೊಳ್ಳೋಕೆ ಡಾಕ್ಟ್ರು ವೃಷಣ ಮುಟ್ಟಿ ಗಾತ್ರ ನೋಡ್ತಾರೆ. ಎಫ್‌ಎಸ್‌ಎಚ್, ಟೆಸ್ಟೋಸ್ಟೆರಾನ್ ಅಂತ ರಕ್ತ ಪರೀಕ್ಷೆ ಮಾಡ್ತಾರೆ. ಎಫ್‌ಎಸ್‌ಎಚ್ ಅನ್ನೋದು ‘ವೀರ್ಯಾಣು ಮಾಡು’ ಅಂತ ಮೆದುಳಿನ ಬುಡದಲ್ಲಿರೋ ಗ್ರಂಥಿ ಕಳ್ಸೋ ಆರ್ಡರ್. ಕೆಳಗೆ ಕೆಲಸ ಆಗದೇ ಇದ್ರೆ ಮೇಲಿಂದ ಆರ್ಡರ್ ಜಾಸ್ತಿಯಾಗ್ತಾ ಹೋಗುತ್ತೆ. ಅಣ್ಣಂದು ಜಾಸ್ತಿ ಇತ್ತು. ಅಂದ್ರೆ ಎರಡನೇ ಥರ.

‘ಚಿಕ್ಕೋನಿದ್ದಾಗ ಮಂಗನಬಾವು ಆಗಿತ್ತಾ?’ ಅಂತ ಕೇಳಿದ್ರು. ಒಂಬತ್ತನೇ ಕ್ಲಾಸಲ್ಲಿ ಆಗಿತ್ತು. ದೊಡ್ಡೋರಾದ್ಮೇಲೆ ಬಂದ್ರೆ ಕೆಲವರಿಗೆ ವೃಷಣಕ್ಕೂ ಇಳಿದು ಹಾಳು ಮಾಡುತ್ತಂತೆ. ಅದೇ ಕಾರಣ ಅಂತ ಅವ್ರು ಖಂಡಿತವಾಗಿ ಹೇಳ್ಲಿಲ್ಲ. ಬಸ್ಸಲ್ಲಿ ಅಣ್ಣ ಮಾತ್ರ ‘ಹದಿನಾಲ್ಕು ವರ್ಷಕ್ಕೇ ಮುಗ್ದೋಗಿತ್ತೇನೋ, ನಂಗೇ ಗೊತ್ತಿಲ್ಲ’ ಅಂದ.

ಭಾಗ 4/6

ಈಗ ಸೂಜಿ ವಿಷ್ಯ. ಗಂಡಸರು ಹೆದರೋದು ಇಲ್ಲೇ, ಅದಕ್ಕೇ ಬಿಡಿಸಿ ಬರೀತಿದೀನಿ.

ಪೆಸಾ: ವೃಷಣದ ಹಿಂದೆ ಅಂಟಿಕೊಂಡಿರೋ ಸುರುಳಿ ನಾಳದಲ್ಲಿ ವೀರ್ಯಾಣು ಬಲಿತು ಶೇಖರ ಆಗಿರುತ್ತೆ. ಅಲ್ಲಿಗೆ ಸಣ್ಣ ಸೂಜಿ ಹಾಕಿ ಎಳೀತಾರೆ. ಆ ಜಾಗ ಮಾತ್ರ ಮರಗಟ್ಟಿಸಿದ್ರೆ ಸಾಕು, ಹೊಲಿಗೆ ಇಲ್ಲ. ದಾರಿ ಕಟ್ಟಿರೋರಿಗೆ ಇದು.

ಟೆಸಾ: ಸೂಜಿ ನೇರ ವೃಷಣದೊಳಗೆ. ಇದೂ ಅವತ್ತೇ ಮನೆಗೆ ಬರೋ ಕೆಲಸ. ದಾರಿ ಕಟ್ಟಿರೋರಲ್ಲಿ ಈ ಎರಡರಲ್ಲೇ ಬಹಳಷ್ಟು ಸಲ ವೀರ್ಯಾಣು ಸಿಗುತ್ತೆ.

ಟೆಸೆ: ಸಣ್ಣದಾಗಿ ಕೊಯ್ದು ಒಳಗಿನ ಅಂಗಾಂಶದ ಚೂರು ತೆಗೆದು ಲ್ಯಾಬಲ್ಲಿ ಹುಡುಕೋದು.

ಮೈಕ್ರೋ ಟೆಸೆ: ತಯಾರಿಕೆಯೇ ಕಮ್ಮಿ ಇರೋ ಅಣ್ಣನಂಥೋರಿಗೆ. ವೃಷಣದ ತುಂಬ ಕೂದಲೆಳೆಯಂಥ ನಳಿಕೆಗಳಿರ್ತವೆ. ಹೆಚ್ಚಿನವು ಖಾಲಿ ಇದ್ರೂ ಎಲ್ಲೋ ಒಂದು ಮೂಲೇಲಿ ಕೆಲಸ ಮಾಡ್ತಿರಬಹುದು. ಅಂಥದ್ದು ಸ್ವಲ್ಪ ದಪ್ಪಗೆ, ಬೆಳ್ಳಗೆ ಕಾಣುತ್ತೆ. ಆಪರೇಷನ್ ಮೈಕ್ರೋಸ್ಕೋಪಲ್ಲಿ ನೋಡ್ಕೊಂಡು ಅಂಥ ನಳಿಕೆ ಮಾತ್ರ ಆರಿಸಿ ತೆಗೀತಾರೆ. ಕಣ್ಣು ಮುಚ್ಚಿ ದೊಡ್ಡ ಚೂರು ಕತ್ತರಿಸೋದಕ್ಕಿಂತ ಇದರಲ್ಲಿ ಹಾನಿ ಕಮ್ಮಿ, ಸಿಗೋ ಅವಕಾಶ ಹೆಚ್ಚು. ನ್ಯೂಯಾರ್ಕಿನ ಪೀಟರ್ ಶ್ಲೆಗೆಲ್ ಅನ್ನೋ ಡಾಕ್ಟ್ರು 1999ರಲ್ಲಿ ಈ ವಿಧಾನದ ವರದಿ ಕೊಟ್ರು. ಇದಕ್ಕೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು, ಕೆಲವು ಗಂಟೆ ಹಿಡಿಯುತ್ತೆ. ಆಮೇಲೆ ಊತ, ನೋವು ಇರುತ್ತೆ. ಕೆಲವರಿಗೆ ಟೆಸ್ಟೋಸ್ಟೆರಾನ್ ಇಳಿಯಬಹುದು, ಅದನ್ನೂ ನೋಡ್ತಿರ್ಬೇಕು.

ಇಷ್ಟೆಲ್ಲಾ ಮಾಡಿದ್ರೂ ಸಿಗೋದು ಸುಮಾರು ಅರ್ಧ ಜನಕ್ಕೆ.

ಅದಕ್ಕೇ ಮುಂಚೆ ಕ್ರೋಮೋಸೋಮ್ ಪರೀಕ್ಷೆ ಮಾಡಿಸ್ತಾರೆ. ವೈ ಕ್ರೋಮೋಸೋಮಲ್ಲಿ ಎಜೆಡ್‌ಎಫ್ ಎ, ಬಿ, ಸಿ ಅಂತ ಮೂರು ಭಾಗ ನೋಡ್ತಾರೆ. ಎ ಅಥವಾ ಬಿ ಪೂರ್ತಿ ಇಲ್ಲ ಅಂದ್ರೆ ವೀರ್ಯಾಣು ಸಿಗೋ ಆಸೆಯೇ ಇಲ್ಲ, ಆಪರೇಷನ್ ಬೇಡ ಅಂತಾರೆ. ಸಿ ಮಾತ್ರ ಇಲ್ದಿದ್ರೆ ಸಿಗೋ ಸಾಧ್ಯತೆ ಇದೆ, ಆದ್ರೆ ಗಂಡು ಮಗು ಆದ್ರೆ ಅದಕ್ಕೂ ಇದೇ ತೊಂದರೆ ದಾಟುತ್ತೆ. ಒಂದು ರಕ್ತ ಪರೀಕ್ಷೆ ಒಂದು ಆಪರೇಷನ್ನೇ ಉಳಿಸಬಹುದು. ಅಣ್ಣಂದು ಮೂರೂ ಸರಿಯಿತ್ತು. ‘ಫಿಫ್ಟಿ ಫಿಫ್ಟಿ ಕಣಪ್ಪ’ ಅಂದ್ರು ಡಾಕ್ಟ್ರು.

ಭಾಗ 5/6

ಇಲ್ಲಿಗೆ ಗಂಡಸಿನ ಪಾಳಿ ಮುಗೀತು. ಲೆಕ್ಕದ ಮುಂದಿನ ಕಾಲಂ ಮತ್ತೆ ಅತ್ತಿಗೆದೇ.

ಹಿಂಗೆ ತೆಗೆದ ವೀರ್ಯಾಣು ತುಂಬಾ ಕಮ್ಮಿ ಇರುತ್ತೆ, ತಾನಾಗೇ ಈಜೋ ಶಕ್ತಿ ಇರಲ್ಲ. ಹಂಗಾಗಿ ಸುಮ್ನೆ ಗರ್ಭಕೋಶಕ್ಕೆ ಬಿಟ್ರೆ ಆಗಲ್ಲ. ಇಕ್ಸಿ ಬೇಕು. ಒಂದು ಅಂಡದೊಳಗೆ ಒಂದೇ ಒಂದು ವೀರ್ಯಾಣುನ ಗಾಜಿನ ಸೂಜಿಲಿ ಇಡೋದು. ಬ್ರಸೆಲ್ಸಲ್ಲಿ ಜಿಯಾನ್‌ಪಿಯೆರೋ ಪಾಲೆರ್ಮೋ ಅವರ ತಂಡ 1992ರಲ್ಲಿ ಇದರಿಂದ ಆದ ಗರ್ಭಧಾರಣೆ ವರದಿ ಮಾಡಿದ್ದು. ಅದು ಬಂದ್ಮೇಲೇ ಅಣ್ಣನಂಥೋರಿಗೂ ಒಂದು ದಾರಿ ಅಂತ ಆಗಿದ್ದು.

ಆದ್ರೆ ಅಂಡ ಬೇಕಲ್ಲ? ಅತ್ತಿಗೆ ಸುಮಾರು 10ರಿಂದ 12 ದಿನ ಹಾರ್ಮೋನ್ ಇಂಜೆಕ್ಷನ್ ತಗೋಬೇಕು, ಮಧ್ಯೆ ಮಧ್ಯೆ ಸ್ಕ್ಯಾನಿಂಗು, ಕೊನೆಗೆ ಅರಿವಳಿಕೆ ಕೊಟ್ಟು ಸೂಜಿಲಿ ಅಂಡ ತೆಗೆಯೋದು. ತೊಂದರೆ ಅಣ್ಣಂದು, ಸೂಜಿ ಲೆಕ್ಕ ಹಾಕಿದ್ರೆ ಹೆಚ್ಚು ಅವರಿಗೇ. ಇದನ್ನ ಯಾವ ವಿಜ್ಞಾನನೂ ಇನ್ನೂ ಸರಿ ಮಾಡಿಲ್ಲ. ಕಮ್ಮಿ ಅಂದ್ರೆ ಬೈಗುಳನಾದ್ರೂ ಅವರ ಕಾಲಂ ಇಂದ ತೆಗೀಬಹುದು.

ಮಕ್ಕಳು ಬೇಡ ಅಂದಾಗ್ಲೂ ಇದೇ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15–49 ವಯಸ್ಸಿನ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಜನ ಸಂತಾನಹರಣ ಆಪರೇಷನ್ ಮಾಡಿಸ್ಕೊಂಡೋರು. ಗಂಡಸರದು ಲೆಕ್ಕಕ್ಕೇ ಸಿಗದಷ್ಟು ಕಮ್ಮಿ.

ದುಡ್ಡು: ಆಯುಷ್ಮಾನ್ ಕಾರ್ಡಲ್ಲಿ ಮಕ್ಕಳಾಗೋ ಚಿಕಿತ್ಸೆ ಬರಲ್ಲ. ನಮಗೆ ಕೊಟ್ಟ ಎಸ್ಟಿಮೇಟು ಎರಡು ಲಕ್ಷ ದಾಟಿತ್ತು, ಒಂದು ಸಲಕ್ಕೆ. ಎರಡು ಬೆಳೆ ಗೂಡು ರಾಮನಗರ ಮಾರ್ಕೆಟ್ಟಲ್ಲಿ ಒಳ್ಳೇ ರೇಟಿಗೆ ಹೋದ್ರೂ ಸಾಲ್ದು. ಜೊತೆಗೆ ಸಂಘದ ಸಾಲ.

ಕಾನೂನು: ಈ ಚಿಕಿತ್ಸೆಗೆ 2021ರ ಕಾಯ್ದೆ ಇದೆ, 2022ರ ಜನವರಿಯಿಂದ ಜಾರೀಲಿದೆ. ಕ್ಲಿನಿಕ್ ನೋಂದಣಿ ಆಗಿರಲೇಬೇಕು. ಹೆಂಗಸಿಗೆ 21ರಿಂದ 50, ಗಂಡಸಿಗೆ 21ರಿಂದ 55 ವಯಸ್ಸಿನ ಮಿತಿ. ಲಿಖಿತ ಒಪ್ಪಿಗೆ ಇಲ್ಲದೇ ಮಾಡೋ ಹಂಗಿಲ್ಲ. ನೋಂದಣಿ ಸರ್ಟಿಫಿಕೇಟ್ ತೋರಿಸಿ ಅಂತ ಕೇಳೋಕೆ ನಾಚ್ಕೋಬೇಡಿ.

ಭಾಗ 6/6

ಡಾಕ್ಟ್ರು ಒಂದು ಮಾತು ಹೇಳಿ ಕಳ್ಸಿದ್ರು. ‘ಸಿಗ್ಲಿಲ್ಲ ಅಂದ್ರೆ ಏನ್ ಮಾಡ್ತೀರಿ ಅಂತ ಮುಂಚೇನೇ ಇಬ್ರೂ ಕೂತು ಮಾತಾಡಿ. ಆಪರೇಷನ್ ದಿನ ಯೋಚ್ನೆ ಮಾಡೋ ವಿಷ್ಯ ಅಲ್ಲ.’ ಅತ್ತಿಗೆ ಅಂಡ ಫ್ರೀಜ್ ಮಾಡೋದು, ದಾನಿಯ ವೀರ್ಯ, ದತ್ತು, ಅಥವಾ ಇಲ್ಲಿಗೇ ಸಾಕು ಅನ್ನೋದು, ಎಲ್ಲಾ ಒಂದೊಂದು ದಾರಿ. ಅವ್ರು ತಿಂಗಳುಗಟ್ಟಲೆ ಮಾತಾಡಿದ್ರು. ಏನು ತೀರ್ಮಾನ ಮಾಡಿದ್ರು ಅಂತ ನಾನು ಬರೆಯಲ್ಲ, ಅದು ಅವರದು. ಆಪರೇಷನ್ನು ಸುಗ್ಗಿ ಮುಗಿದ್ಮೇಲೆ. ಸಿಕ್ಕಿದ್ರೆ ಫ್ರೀಜ್ ಮಾಡಿಡ್ತಾರೆ, ಮತ್ತೆ ಮತ್ತೆ ಕೊಯ್ಯೋದು ಬೇಡ ಅಂತ.

ಮನೇಲಿ ಹೇಳಿದ್ದು ಅಣ್ಣನೇ. ರಾತ್ರಿ ಊಟಕ್ಕೆ ಕೂತಾಗ, ಮುದ್ದೆ ಮುರೀತಾ. ‘ಅವ್ವ, ತೊಂದ್ರೆ ನಂದು. ಇನ್ಮೇಲೆ ಇವ್ಳುನ್ನ ಯಾವ ಹರಕೆಗೂ ಕರ್ಕೊಂಡೋಗ್ಬೇಡ.’ ಅವ್ವ ಎರಡು ದಿನ ಮಾತಾಡ್ಲಿಲ್ಲ. ಮೂರನೇ ದಿನ ಹಾಲು ಕರೆಯೋವಾಗ ‘ಬೋ ನೋವಾಯ್ತದೇನ್ಲಾ ಅದು?’ ಅಂತ ಅಣ್ಣನ್ನ ಕೇಳಿದ್ಲು. ಅತ್ತಿಗೆ ಹತ್ರ ಇನ್ನೂ ಏನೂ ಅಂದಿಲ್ಲ. ಆದ್ರೆ ಸೋಮವಾರ ಬೆಳಗ್ಗೆ ಅತ್ತಿಗೆ ತಟ್ಟೆಗೂ ತಿಂಡಿ ಬಡಿಸ್ತಾಳೆ.

ಈ ಪೋಸ್ಟ್ ಓದಿ ಅತ್ತಿಗೆ ಹೇಳಿದ್ದು ಇಷ್ಟು. ‘ಐದ್ ವರ್ಷ ಆ ಫೈಲು ನನ್ ಹೆಸ್ರಲ್ಲೇ ಇತ್ತು. ಈಗ ಇಬ್ರ ಹೆಸ್ರೂ ಐತೆ.’

ಇನ್ನು ನನ್ನ ವಯಸ್ಸಿನ ಹುಡುಗರಿಗೆ. ಜಿಮ್ಮಲ್ಲಿ ‘ಟೆಸ್ಟೋ’ ಇಂಜೆಕ್ಷನ್ ಹಾಕೊಳ್ಳೋರು ಕೇಳಿ. ಹೊರಗಿಂದ ಟೆಸ್ಟೋಸ್ಟೆರಾನ್ ಬಂದ್ರೆ ಮೇಲಿನ ಗ್ರಂಥಿ ಆರ್ಡರ್ ಕಳ್ಸೋದು ನಿಲ್ಲಿಸುತ್ತೆ, ವೀರ್ಯಾಣು ಸೊನ್ನೆಗೇ ಇಳಿಯಬಹುದು. ಒಂದು ವೀರ್ಯಾಣು ತಯಾರಾಗೋಕೆ 70 ದಿನದ ಮೇಲೆ ಬೇಕು. ನಿಲ್ಲಿಸಿದ್ಮೇಲೂ ವಾಪಸ್ ಬರೋಕೆ ತಿಂಗಳುಗಳು, ಕೆಲವರಿಗೆ ವರ್ಷದ ಮೇಲಾಗುತ್ತೆ.

ಮದುವೆ ಆಗಿರೋ ಅಣ್ಣಂದಿರಿಗೆ. ಒಂದು ವರ್ಷ ಪ್ರಯತ್ನಪಟ್ಟೂ ಆಗಿಲ್ಲ ಅಂದ್ರೆ (ಹೆಂಡ್ತಿಗೆ 35 ದಾಟಿದ್ರೆ ಆರು ತಿಂಗಳಿಗೇ) ಇಬ್ರೂ ಒಟ್ಟಿಗೆ ಹೋಗಿ. ಡಬ್ಬಿ ಟೆಸ್ಟು ಮೊದಲು ಮಾಡಿಸಿ. ಸೊನ್ನೆ ಬಂದ್ರೆ ಯೂರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ ಹತ್ರ ಹೋಗಿ, ಅದು ಯಾವ ಥರದ ಸೊನ್ನೆ ಅಂತ ಕೇಳಿ.

ಕಾಮೆಂಟಲ್ಲಿ ಬರೆಯೋಕೆ ಮುಜುಗರ ಆದ್ರೆ ಬೇಡ. ಸೇವ್ ಮಾಡಿಟ್ಕೊಳ್ಳಿ, ಬೇಕಾದೋರಿಗೆ ಸುಮ್ನೆ ಕಳ್ಸಿ.

#ಕೋಡಿಹಳ್ಳಿ #ಕನಕಪುರ #ಗಂಡಸರಆರೋಗ್ಯ #ಡಬ್ಬಿಟೆಸ್ಟುಮೊದಲು