ಬಗಲಿಗೆ ಹೊಡದ ಚೆಂಡು

ಹೋದ ಸಲ ಕೆಂಪ ಮೆಣಸಿನಕಾಯಿ ರಂಜಕದ ಬಗ್ಗೆ ಬರದಿದ್ದೆ. ಈ ಸಲ ಅಡಿಗಿಮನಿ ಬಿಟ್ಟು ಸ್ವಲ್ಪ ಹೊರಗ ಬರ್ತೀನಿ. ದೀಪಾವಳಿಗೆ ಅಸುಂಡಿಗೆ ಬಂದವ್ರೆಲ್ಲ ನನ್ನ ಒಂದ ಮಾತು ಕೇಳಿದ್ರಿ: "ನಿನ್ನ ಮಗಳು ಹುಬ್ಬಳ್ಳ್ಯಾಗ ಅದೇನೋ ಕೋಲು ಹಿಡದು ಚೆಂಡು ಹೊಡ್ಯೂ ಆಟ ಆಡ್ತಾಳಂತಲ್ಲ, ಅದರಾಗ ಕಲಿಯೂದೇನೈತಿ?" ಹೋಳಿಗಿ ಬೇಯಿಸಕೋಂತ ಇದಕ್ಕ ಉತ್ತರ ಹೇಳಾಕ ಬರೂದಿಲ್ಲ. ಅದಕ್ಕ ಕುಂತು ಬರ್ಯಾಕ ಹತ್ತೀನಿ.

ಆಟದ ಹೆಸರು ಪೂಲ್. ಹಸರ ಬಟ್ಟಿ ಹಾಸಿದ ಮೇಜು, ಆರು ತೂತು. ಬಿಳಿ ಚೆಂಡಿಗೆ ಕೋಲಿಲೆ ಹೊಡದು, ಅದರಿಂದ ಬಣ್ಣದ ಚೆಂಡು ತೂತಿಗೆ ಬೀಳಿಸೂದು. ಇದರ ಅಣ್ಣ ತಮ್ಮಂದಿರು ಬಿಲಿಯರ್ಡ್ಸ್ ಮತ್ತ ಸ್ನೂಕರ್. ಸ್ನೂಕರ್ ಅಂತೂ ನಮ್ಮ ದೇಶದಾಗ ಹುಟ್ಟಿದ್ದು. 1875ರಾಗ ಜಬಲಪುರದ ಬ್ರಿಟಿಷ್ ಫೌಜಿನ ಅಧಿಕಾರಿಗಳು ಹುಟ್ಟಿಸಿದ್ರು, ಊಟಿ ಕ್ಲಬ್ಬಿನ್ಯಾಗ ಅದರ ನಿಯಮ ಬರದು ಹಚ್ಚಿದ್ರು ಅಂತಾರ.

ನಾನು ಮಗಳ ಹಾಸ್ಟೆಲ್ಲಿಗೆ ರೊಟ್ಟಿ ಬುತ್ತಿ ಒಯ್ದಾಗೆಲ್ಲ ಅಕಿ ಆಡೂ ಜಾಗಾಕ್ಕೂ ಹೋಗಿ ಕುಂಡರತೀನಿ. ಮೊದಲ ಸಲ ಹೋದಾಗ ನನಗ ಅನಿಸಿದ್ದು, ಇದು ದೊಡ್ಡ ಕೇರಮ್ ಬೋರ್ಡ್ ಅಷ್ಟ ಅಂತ. ನಾವು ಬ್ಯಾಸಗಿ ಸೂಟ್ಯಾಗ ಕಟ್ಟಿ ಮ್ಯಾಲ ಕೇರಮ್ ಆಡಿದವ್ರ ಅಲ್ಲೇನ್ರಿ. ಕಾಯಿ ಎಲ್ಲಿ ತಾಕಿದ್ರ ಎಲ್ಲಿ ಹೋಗ್ತೈತಿ ಅನ್ನೂದು ನಮಗ ಬೆರಳಿಗೇ ಗೊತ್ತು. ಇಲ್ಲೂ ಮೊದಲಿನ ಪಾಠ ಅದ. ಎರಡು ಲಿಂಬಿಹಣ್ಣು ತಗೊಂಡು ನೆಲದ ಮ್ಯಾಲ ಇಟ್ಟು ನೋಡ್ರಿ. ಮುಂದಿನ ಹಣ್ಣು ಯಾವ ದಿಕ್ಕಿಗೆ ಹೋಗಬೇಕೋ, ಅದರ ಎದುರು ಬೆನ್ನಿಗೆ ಹಿಂದಿನ ಹಣ್ಣು ಬಂದು ತಾಕಬೇಕು. ಆ ತಾಕೂ ಜಾಗಾದಾಗ ಒಂದು ಚೆಂಡು ಮೊದಲ ಕುಂತೈತಿ ಅಂತ ಮನಸಿನ್ಯಾಗ ಅಂದ್ಕೊಂಡು, ಆ ಕಾಣದ ಚೆಂಡಿನ ನಡುವಿಗೆ ಗುರಿ ಇಡೂದು. ಆಟಗಾರರು ಅದಕ್ಕ ದೆವ್ವದ ಚೆಂಡು ಅಂತಾರ. ಬಿಳಿ ಚೆಂಡಿನ ನಟ್ಟ ನಡುವ ಹೊಡ್ಯೂತನಕ ಈ ಲೆಕ್ಕ ಬಾಳ ಮಟ್ಟಿಗೆ ಸರಿ ಬರ್ತೈತಿ.

ಆದ್ರ ಬರೇ ನಡುವ ಹೊಡಕೋಂತ ಹೋದ್ರ ಆಟ ಮುಗ್ಯಾಂಗಿಲ್ಲ. ಒಂದು ಚೆಂಡು ಬಿದ್ದ ಮ್ಯಾಲ ಬಿಳಿ ಚೆಂಡು ಎಲ್ಲಿ ನಿಲ್ತೈತಿ ಅನ್ನೂದ ಮುಂದಿನ ಹೊಡತದ ಹಣೆಬರಹ. ಒಂದು ರೊಟ್ಟಿ ಬೇಯೂದ್ರಾಗ ಇನ್ನೊಂದು ಬಡದು ತಯಾರ ಇಟ್ಟಂಗ ಇದು. ಬಿಳಿ ಚೆಂಡು ಗ್ವಾಡಿಗೆ, ಅಂದ್ರ ಕುಶನ್ನಿಗೆ, ತಾಕಿ ಬ್ಯಾರೆ ದಿಕ್ಕಿಗೆ ಹೊಳ್ಳಬೇಕಾದ್ರ ಅದಕ್ಕ ತಿರುವು ಕೊಡಬೇಕು. ಬಿಳಿ ಚೆಂಡಿನ ಬಲ ಬಗಲಿಗೆ ಹೊಡದ್ರ ಅದು ಬುಗರಿಯಂಗ ತಿರಗಕೋಂತ ಹೋಗಿ, ಎದುರಿನ ಗ್ವಾಡಿಗೆ ತಾಕಿದ ಕೂಡ್ಲೆ ಬಲಕ್ಕ ಹೊಳ್ತೈತಿ. ಎಡ ಬಗಲಿಗೆ ಹೊಡದ್ರ ಎಡಕ್ಕ. ಇದಕ್ಕ ಸೈಡ್ ಹೊಡ್ಯೂದು ಅಂತಾರ. ಭಾಳ ಅಂಚಿಗೆ ಹೊಡ್ಯಾಕ ಬರೂದಿಲ್ಲ. ನಡುವಿನಿಂದ ಅಂಚಿಗೆ ಇರೂ ದೂರದಾಗ ಅರ್ಧ ದಾಟಿದ್ರ ಕೋಲಿನ ತುದಿ ಜಾರಿ ಹೋಗ್ತೈತಿ. ಪೂಲ್ ಚೆಂಡು ಸುಮಾರು 57 ಮಿಲಿಮೀಟರ್ ಅಗಲ, ಅಂದ್ರ ನಡುವಿನಿಂದ 14 ಮಿಲಿಮೀಟರ್ ಒಳಗ ಎಲ್ಲಾ ಕಸಬು. ಜಾರಬಾರದು ಅಂತ ಕೋಲಿನ ತುದಿಯ ತೊಗಲಿಗೆ ಮ್ಯಾಲಿಂದ ಮ್ಯಾಲ ನೀಲಿ ಚಾಕು ತಿಕ್ತಾರ.

ಇಲ್ಲಿಂದ ಮುಂದ ಬರೂದ ನನ್ನ ಮಗಳ ನಿದ್ದಿ ಕೆಡಿಸಿದ ಸಂಗತಿ. ಸೈಡ್ ಹೊಡದ ಕೂಡ್ಲೆ ಮೊದಲಿನ ಗುರಿ ಸುಳ್ಳಾಗ್ತೈತಿ. ಮೂರು ಕಾರಣಕ್ಕ.

ಮೊದಲನೇದು ಜಿಗತ. ಬಲಕ್ಕ ಹೊಡದ್ರ ಬಿಳಿ ಚೆಂಡು ಕೋಲು ತೋರಿಸಿದ ದಿಕ್ಕಿಗೆ ಹೋಗೂದಿಲ್ಲ, ಸ್ವಲ್ಪ ಎಡಕ್ಕ ಜಿಗೀತೈತಿ. ಯಾಕಂದ್ರ ತುದಿ ಚೆಂಡಿಗೆ ಹತ್ತಿರೂ ಆ ಕಣ್ಣು ಮಿಟುಕೂ ಹೊತ್ತಿನ್ಯಾಗ ಚೆಂಡು ತಿರಗಾಕ ಶುರು ಮಾಡಿರ್ತೈತಿ, ತುದಿಯನ್ನ ಬಲಕ್ಕ ತಳ್ತೈತಿ. ತುದಿ ಬಲಕ್ಕ ಹೋದ್ರ ಚೆಂಡು ಎಡಕ್ಕ. ಮುಂಡರಗಿ ಕಡೆ ತುಂಗಭದ್ರಾ ಹೊಳ್ಯಾಗ ತೆಪ್ಪದಿಂದ ದಂಡಿಗೆ ಜಿಗದ್ರ ತೆಪ್ಪ ಹಿಂದ ಸರೀತೈತಲ್ಲ, ಹಂಗ. ಕೋಲಿನ ಮುಂದಿನ ಭಾಗ ಎಷ್ಟು ಹಗುರೋ ಜಿಗತ ಅಷ್ಟು ಕಡಿಮಿ. ಅದಕ್ಕ ಈಗ ತುದಿ ಹಗುರ ಮಾಡಿದ ಕೋಲು ಬಂದಾವು, ರೊಕ್ಕ ಜಾಸ್ತಿ.

ಎರಡನೇದು ಬಾಗು. ಮೇಜಿನ ದಂಡಿ ಅಡ್ಡ ಬರ್ತೈತಂತ ಕೋಲಿನ ಹಿಂದಿನ ತುದಿ ಯಾವಾಗಲೂ ಸ್ವಲ್ಪ ಎತ್ತರಕ್ಕ ಇರ್ತೈತಿ. ಹಂಗಾಗಿ ಚೆಂಡು ನೆಟ್ಟಗ ತಿರಗೂದಿಲ್ಲ, ವಾಲಿಕೊಂಡು ತಿರಗ್ತೈತಿ. ಬಟ್ಟಿ ಅದನ್ನ ಹಿಡೀತೈತಿ. ಎಡಕ್ಕ ಜಿಗದ ಚೆಂಡು ಹೋಗ್ತಾ ಹೋಗ್ತಾ ಬಲಕ್ಕ ಬಾಗಿ ವಾಪಸ್ ಬರ್ತೈತಿ. ಮೆತ್ತಗ ಹೊಡದ್ರ ಬಾಗು ಬೇಗ ಕಾಣತೈತಿ, ಜೋರ ಹೊಡದ್ರ ತಡ. ಕೋಲು ಎಷ್ಟು ಮ್ಯಾಲೆತ್ತಿದ್ರೋ ಬಾಗು ಅಷ್ಟು ಹೆಚ್ಚು.

ಮೂರನೇದು ಎಳತ. ತಿರಗೂ ಬಿಳಿ ಚೆಂಡು ಬಣ್ಣದ ಚೆಂಡಿಗೆ ತಾಕಿದಾಗ ತಿಕ್ಕಿ ಅದನ್ನ ಬಗಲಿಗೆ ಎಳೀತೈತಿ. ಕಬ್ಬಿನ ಹಾಲಿನ ಗಾಣದಾಗ ಒಂದು ಉರುಳು ಈ ಕಡೆ ತಿರಗಿದ್ರ ಇನ್ನೊಂದು ಆ ಕಡೆ ತಿರಗ್ತೈತಲ್ಲ, ಅಂಥಾ ಹಲ್ಲಿನ ಸಂಬಂಧ. ಬಲಕ್ಕ ಹೊಡದ ಬಿಳಿ ಚೆಂಡು ಬಣ್ಣದ ಚೆಂಡನ್ನ ಎಡಕ್ಕ ಎಳೀತೈತಿ. ಚೆಂಡಿಗೆ ಚಾಕಿನ ಧೂಳು ಹತ್ತಿ ಹೊಲಸಾಗಿದ್ರ ಎಳತ ಜಾಸ್ತಿ, ಒರಸಿ ಥಳಥಳ ಮಾಡಿದ್ರ ಕಡಿಮಿ. ಮೆತ್ತಗ ಹೊಡದಾಗ ಜಾಸ್ತಿ, ಜೋರ ಹೊಡದಾಗ ಕಡಿಮಿ.

ಇನ್ನೊಂದು ಮಜಾ ಕೇಳ್ರಿ. ಸೈಡ್ ಕೊಡದ ಅಡ್ಡ ಹೊಡದಾಗೂ ಈ ಎಳತ ಇದ್ದ ಇರ್ತೈತಿ. ಬಣ್ಣದ ಚೆಂಡನ್ನ ಬಲಕ್ಕ ಕಳಸಬೇಕಂತ ಅದರ ಎಡ ಬಗಲಿಗೆ ಹೊಡದ್ರ, ಬಿಳಿ ಚೆಂಡು ತಿಕ್ಕಿಕೊಂಡು ಹೋಗೂ ಹೊತ್ತಿಗೆ ಅದನ್ನ ಎಡಕ್ಕ ಎಳದು ಬಿಡ್ತೈತಿ, ತೂತು ತಪ್ತೈತಿ. ಅದಕ್ಕ ಮದ್ದು ಏನಂದ್ರ ಬಿಳಿ ಚೆಂಡಿಗೆ ಒಂದೀಟು ಎಡ ಸೈಡ್ ಕೊಡೂದು. ತಿರುವಿನ ಎಳತ ಒಂದು ಕಡೆ, ಅಡ್ಡ ಹೊಡತದ ಎಳತ ಇನ್ನೊಂದು ಕಡೆ. ಎರಡೂ ಸಮ ಆದ್ರ ಬಣ್ಣದ ಚೆಂಡು ದೆವ್ವದ ಚೆಂಡು ತೋರಿಸಿದ ದಾರಿಗೇ ನೆಟ್ಟಗ ಹೋಗ್ತೈತಿ. ಉಪ್ಪು ಹೆಚ್ಚಾದ ಸಾರಿಗೆ ಹುಣಸಿಹುಳಿ ಹಿಂಡಿದಂಗ. ಹುಳಿ ಹೆಚ್ಚಾದ್ರ ಅದೂ ಕೆಡತೈತಿ.

ಹಂಗಾದ್ರ ಗುರಿ ಇಡೂದು ಹೆಂಗ? ಮಗಳಿಗೆ ಕಲಿಸೂ ಸರ್ ಎರಡು ದಾರಿ ತೋರಿಸ್ಯಾರ. ಒಂದು ಹಿಂದಿನ ಕೈ ಸರಿಸೂದು. ಮೊದಲ ಸೈಡ್ ಇಲ್ಲದಂಗ ನಟ್ಟ ನಡುವ ಗುರಿ ಹಿಡೀಬೇಕು. ಮೇಜಿನ ಮ್ಯಾಲ ಊರಿದ ಮುಂದಿನ ಕೈ ಅಳ್ಳಾಡಸಬಾರದು. ಹಿಂದಿನ ಕೈ ಅಷ್ಟ ಎಡಕ್ಕ ಸರಿಸಿದ್ರ ತುದಿ ತಾನ ಬಲಕ್ಕ ಬರ್ತೈತಿ, ಕೋಲಿನ ಮಾರಿನೂ ಸ್ವಲ್ಪ ಬಲಕ್ಕ ತಿರಗ್ತೈತಿ. ಚೆಂಡು ಎಡಕ್ಕ ಜಿಗಿಯೂದನ್ನ ಈ ಬಲದ ಮಾರಿ ಸರಿದೂಗಸ್ತೈತಿ. ಜೋರ ಹೊಡತಕ್ಕ ಇದ ಪಾಡ.

ಇನ್ನೊಂದು ಮುಂದಿನ ಕೈ ಸರಿಸೂದು. ಹಿಂದಿನ ಕೈ ಇದ್ದಲ್ಲೇ ಇರ್ತೈತಿ, ಮುಂದಿನ ಕೈ ಬಲಕ್ಕ ಸರೀತೈತಿ. ತುದಿ ಅದ ಜಾಗಾಕ್ಕ ಬಂದ್ರೂ ಕೋಲಿನ ಮಾರಿ ಕಡಿಮಿ ತಿರಗ್ತೈತಿ, ಯಾಕಂದ್ರ ತಿರಗೂ ಬುಡ ದೂರ ಐತಿ. ಬಾಗಿಲದ ತಿರಗಣಿಯಿಂದ ದೂರ ಇದ್ದಷ್ಟು ಒಂದು ಗೇಣು ಸರಿಸಿದ್ರ ಬಾಗಿಲ ಕಡಿಮಿ ತೆರೀತೈತಲ್ಲ, ಅದ ಲೆಕ್ಕ. ಮೆತ್ತನ್ನ ಹೊಡತಕ್ಕ ಇದು ಬೇಕು. ಅಲ್ಲಿ ಬಾಗು ಬಂದು ಜಿಗತದ ಅರ್ಧ ಕೆಲಸ ತಾನ ಅಳಸಿ ಬಿಟ್ಟಿರ್ತೈತಿ. ನಡುವಿನ ಜೋರಿಗೆ ಎರಡೂ ಕೈ ಸ್ವಲ್ಪ ಸ್ವಲ್ಪ.

ತನ್ನ ಕೋಲಿನ ಗುಣ ತಾನ ಕಂಡುಕೋಬೇಕು. ಮಗಳು ಮಾಡೂದು ಹಿಂಗ: ದೂರದಾಗ ಒಂದು ಚೆಂಡು ಇಟ್ಟು, ಅದರ ನಡುವಿಗೆ ಗುರಿ ಹಿಡದು, ಹಿಂದಿನ ಕೈ ಸರಿಸಿ ಬಲ ಸೈಡಿನಿಂದ ಜೋರ ಹೊಡೀತಾಳ. ಬಿಳಿ ಚೆಂಡು ಎಡ ಬಗಲಿಗೆ ಬಂದು ತಾಕಿದ್ರ ಜಿಗತ ಇನ್ನೂ ಉಳದೈತಿ ಅಂತ ಅರ್ಥ, ಮುಂದಿನ ಕೈ ಬಿಳಿ ಚೆಂಡಿನ ಹತ್ರ ತರಬೇಕು. ಬಲ ಬಗಲಿಗೆ ತಾಕಿದ್ರ ಕೈ ದೂರ ಒಯ್ಯಬೇಕು. ನಟ್ಟ ನಡುವ ತಾಕೂ ಅಂತರ ಸಿಕ್ಕಿತಂದ್ರ ಅದ ಆ ಕೋಲಿನ ಅಳತಿ. ನೋಟ್‌ಬುಕ್ಕಿನ್ಯಾಗ ಬರದು ಇಟ್ಟಾಳ. ನಾವು ಹೊಸ ಕುಕ್ಕರಿಗೆ ಎಷ್ಟು ಸೀಟಿ, ಎಷ್ಟು ನೀರು ಅಂತ ಬರದು ಇಟ್ಟಂಗ.

ಇದನ್ನೆಲ್ಲ ಬುದ್ಧಿವಂತರು ಎಂದೋ ಲೆಕ್ಕ ಹಾಕ್ಯಾರಂತ. ಫ್ರಾನ್ಸ್ ದೇಶದ ಕೊರಿಯೋಲಿಸ್ ಅನ್ನೂ ಗಣಿತದ ಪಂಡಿತ 1835ರಾಗ ಬಿಲಿಯರ್ಡ್ಸ್ ಚೆಂಡಿನ ತಿರುವಿನ ಮ್ಯಾಲ ಒಂದು ಇಡೀ ಪುಸ್ತಕ ಬರದಾನ. ಭೂಮಿ ತಿರಗೂದ್ರಿಂದ ಗಾಳಿ ಬಾಗತೈತಿ ಅಂತ ನಮ್ಮ ಮಕ್ಕಳ ಭೂಗೋಳದ ಪುಸ್ತಕದಾಗ ಬರ್ತೈತಲ್ಲ, ಅವನ ಹೆಸರ ಅದು. "ಕಲಿಯೂದೇನೈತಿ" ಅಂದ ನಮ್ಮ ದೊಡ್ಡವ್ವಗ ಇದನ್ನ ಮೊದಲ ಓದಿ ಹೇಳ್ರಿ.

ಇನ್ನೊಂದು ಮಾತು, ಬಾಯಿಬಿಟ್ಟು ಯಾರೂ ಕೇಳಲಿಲ್ಲ, ಎಲ್ಲಾರ ಮನಸಿನ್ಯಾಗೂ ಇತ್ತು: "ಅದು ಗಂಡಸರ ಕ್ಲಬ್ಬಿನ ಆಟ, ಹೆಣಮಗಳು ಯಾಕ ಹೋಗಬೇಕು?" ನಮ್ಮ ಮಾವನವರು ಅದ ಮಾತು ನೆಟ್ಟಗ ಅಂದ್ರು. ಮುಂದಿನ ತಿಂಗಳು ಬೆಂಗಳೂರಾಗ ಒಂದು ಪಂದ್ಯ ಐತಿ. ಕಳಸೂದೋ ಬ್ಯಾಡೋ ಅಂತ ಮನ್ಯಾಗ ಇನ್ನೂ ತೀರ್ಮಾನ ಆಗಿಲ್ಲ.

ಅವರಿಗೆ ನಾನು ಜಗಳ ಮಾಡಲಿಲ್ಲ, ಮೂವರ ಹೆಸರು ಹೇಳಿದೆ. ಒಬ್ರು ಉಮಾದೇವಿ ನಾಗರಾಜ್. ಬೆಂಗಳೂರಾಗ ತೋಟಗಾರಿಕೆ ಇಲಾಖೆಯ ನೌಕರಿ, ಮನಿ, ಸಂಸಾರ ಎಲ್ಲಾ ನೋಡಕೋಂತ ಆಡಿ, 2012ರಾಗ ಮಹಿಳೆಯರ ಬಿಲಿಯರ್ಡ್ಸಿನ್ಯಾಗ ವಿಶ್ವ ಚಾಂಪಿಯನ್ ಆದ್ರು. ಇನ್ನೊಬ್ರು ಚಿತ್ರಾ ಮಗಿಮೈರಾಜ್. ಮೊದಲ ಹಾಕಿ ಆಡತಿದ್ರು, ಆಮ್ಯಾಲ ಕ್ಯೂ ಹಿಡದು ಎರಡು ಸಲ ವಿಶ್ವ ಬಿಲಿಯರ್ಡ್ಸ್ ಗೆದ್ರು, ಪೂಲ್‌ನ್ಯಾಗೂ ದೇಶಕ್ಕ ಆಡ್ಯಾರ. ಮೂರನೇದವರು ವಿದ್ಯಾ ಪಿಳ್ಳೈ. 2017ರಾಗ ಸಿಂಗಪುರದಾಗ ಮಹಿಳೆಯರ ವಿಶ್ವ ಸ್ನೂಕರ್ ಫೈನಲ್ಲಿಗೆ ಹೋಗಿ 6-5ರಿಂದ ಅಷ್ಟ ಸೋತ್ರು. ಮೂವರೂ ಬೆಂಗಳೂರಿನ ಆಟಗಾರ್ತಿಯರು. ಪಂಕಜ್ ಅಡ್ವಾಣಿ ಹೆಸರು ನಿಮಗೆ ಗೊತ್ತ ಐತಿ, 25ಕ್ಕಿಂತ ಹೆಚ್ಚು ವಿಶ್ವ ಕಿರೀಟ. ಅವರೂ ಬೆಂಗಳೂರಾಗ ಕಲತವ್ರ. ಮಾವ ಎಲ್ಲಾ ಕೇಳಿ, "ಆ ಉಮಾದೇವಿಯವರಿಗೆ ನೌಕರಿ ಇತ್ತಲ್ಲ?" ಅಂದ್ರು. "ಇತ್ರೀ," ಅಂದೆ. "ಹಂಗಾದ್ರ ಇಕೀನೂ ಮೊದಲ ಪರೀಕ್ಷಾ ಪಾಸಾಗಲಿ," ಅಂದು ಎದ್ದು ಹೊಲಕ್ಕ ಹೋದ್ರು. ನಮ್ಮ ಮನ್ಯಾಗ ಇದು ಅರ್ಧ ಹೂಂ ಅಂತ ಲೆಕ್ಕ. ಉಳದ ಅರ್ಧ ಸೆಮಿಸ್ಟರ್ ಮಾರ್ಕ್ಸಿನ ಮ್ಯಾಲ ನಿಂತೈತಿ.

ಆಡೂ ಜಾಗಾದ ಬಗ್ಗೆನೂ ಹೇಳ್ತೀನಿ, ತಾಯಂದಿರಿಗೆ ಅದ ಚಿಂತಿ. ಮಗಳು ಮೊದಲ ಹೋಗತಿದ್ದ ಒಂದು ಜಾಗಾದಾಗ ಸಿಗರೇಟಿನ ಹೊಗಿ, ಬ್ಯಾಡಾದ ಮಾತು. ಹೆಸರು ಬ್ಯಾಡ. ಅಕೀನ ಬಿಟ್ಟು ಬ್ಯಾರೆ ಕಡೆ ಹೋಗ್ಯಾಳ. ಈಗಿನ ಜಾಗಾದಾಗ ಸಂಜಿ ಆರರೊಳಗ ಹೆಣಮಕ್ಕಳಿಗೆ ಒಂದು ಮೇಜು ಬಿಡ್ತಾರ, ನಾಕು ಮಂದಿ ಹುಡುಗ್ಯಾರು ಕೂಡಿ ಬರ್ತಾರ. ನಾನು ಕಣ್ಣಾರ ನೋಡೀನಿ. ನಿಮ್ಮ ಮಕ್ಕಳೂ ಕೇಳಿದ್ರ "ಬ್ಯಾಡ" ಅನ್ನೂಕಿಂತ ಮೊದಲ ಒಂದು ಸಲ ಹೋಗಿ ಕುಂತು ಬರ್ರಿ. ಜಾಗಾ ಎಂಥಾದು ಅನ್ನೂದು ಹತ್ತು ನಿಮಿಷದಾಗ ಗೊತ್ತಾಗ್ತೈತಿ.

ನನ್ನ ಭಿಶಿ ರೊಕ್ಕ ಈ ತಿಂಗಳು ನನ್ನ ಪಾಳಿಗೆ ಬರ್ತೈತಿ. ಇಲಕಲ್ ಸೀರಿ ತಗೋಬೇಕಂತ ಇತ್ತು. ಸೀರಿ ಯುಗಾದಿಗೆ ತಗೊಂಡ್ರಾತು, ಮೊದಲ ಮಗಳಿಗೆ ಆ ಹಗುರ ತುದಿಯ ಕೋಲು ಕೊಡಸ್ತೀನಿ. ಅಕಿಗೆ ಇನ್ನೂ ಹೇಳಿಲ್ಲ. ಇದನ್ನ ಓದಿದವ್ರೂ ಪರೀಕ್ಷಾ ಮುಗಿಯೂತನಕ ಬಾಯಿ ಬಿಡಬ್ಯಾಡ್ರಿ, ಅದರಾಗೂ ಬೆಟಗೇರಿ ನಾದಿನಿ, ನಿಮಗ ಹೇಳೂದು. ಮುಂದಿನ ವಾರ ಅಗಸಿ ಚಟ್ನಿಪುಡಿ ಬರೀತೀನಿ, ಬಾಳ ಮಂದಿ ಕೇಳ್ಯಾರ.